ಬಾಟಲಿಯೂ ಸರ್ಕಾರದ್ದೇ, ಮಾತ್ರೆಯೂ ಸರ್ಕಾರದ್ದೇ. ನಡುವೆ ಆಡಬೇಕಾದ ಮಾತು ಯಾರದ್ದು?

ಕರ್ನಾಟಕ ಸರ್ಕಾರದ ಬಳಿ ಎರಡು ನಿಗಮಗಳಿವೆ. ಒಂದು, ಕರ್ನಾಟಕ ರಾಜ್ಯ ಪಾನೀಯ ನಿಗಮ. ರಾಜ್ಯದಲ್ಲಿ ಕಾನೂನುಬದ್ಧವಾಗಿ ಮಾರಾಟವಾಗುವ ಬ್ರಾಂದಿ, ವಿಸ್ಕಿ, ರಮ್, ಬಿಯರ್‌ಗಳ ಸಗಟು ವ್ಯಾಪಾರ 2003ರಿಂದ ಇದರ ಕೈಯಲ್ಲಿದೆ. ಇನ್ನೊಂದು, ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಕೊಂಡು ಕಳಿಸೋದು ಇದರ ಕೆಲಸ. ಖಿನ್ನತೆಯ ಮಾತ್ರೆ, ಸ್ಕಿಜೋಫ್ರೇನಿಯಾದ ಮಾತ್ರೆ, ನಿದ್ದೆ ಮಾತ್ರೆ ಎಲ್ಲ ಅದರಲ್ಲಿ ಬರುತ್ತವೆ. ಮೊದಲನೆಯದರ ವ್ಯಾಪಾರದ ಲೆಕ್ಕ ಬಜೆಟ್ ಭಾಷಣದಲ್ಲೇ ಕೇಳಿಸುತ್ತೆ: 2024-25ಕ್ಕೆ ಅಬಕಾರಿ ಇಲಾಖೆಗೆ ಕೊಟ್ಟ ಗುರಿ ₹38,525 ಕೋಟಿ, 2025-26ಕ್ಕೆ ₹40,000 ಕೋಟಿ. ಎರಡನೆಯದರ ಹೆಸರು ಜನರ ಕಿವಿಗೆ ಬೀಳೋದು ಬಳ್ಳಾರಿಯ ಬಾಣಂತಿಯರ ಸಾವಿನಂಥ ದುರಂತ ನಡೆದಾಗ ಮಾತ್ರ.

ಈ ಎರಡೂ ನಿಗಮಗಳ ಸರಕು ಕೊನೆಗೆ ಹೋಗಿ ಸೇರೋದು ಎಷ್ಟೋ ಸಲ ಒಂದೇ ಹೊಟ್ಟೆಗೆ. ಅಲ್ಲಿ ಏನಾಗುತ್ತೆ ಅಂತ ಹೇಳುವ ಜವಾಬ್ದಾರಿ ಮಾತ್ರ ಎರಡರದ್ದೂ ಅಲ್ಲ.

ನಾನಿರೋದು ಶಿವಮೊಗ್ಗದ ಆಲ್ಕೊಳದಲ್ಲಿ. ಸಾಗರ ರಸ್ತೆಯ ಈ ಬಡಾವಣೆಯ ಹೆಸರು ಊರ ಹೊರಗಿನವರಿಗೆ ಗೊತ್ತಿದ್ದರೆ, ಅದು ಪೇಪರಲ್ಲಿ ಬರುವ ‘ಆಲ್ಕೊಳ ವಿದ್ಯುತ್ ವಿತರಣಾ ಕೇಂದ್ರದ ವ್ಯಾಪ್ತಿಯಲ್ಲಿ ನಾಳೆ ಕರೆಂಟ್ ಇರಲ್ಲ’ ಎಂಬ ಪ್ರಕಟಣೆಯಿಂದ. ಎಲ್ಲ ಊರಿನ ಸರ್ಕಲ್‌ಗಳ ಹಾಗೆ ಇಲ್ಲೂ ಮೆಡಿಕಲ್ ಶಾಪಿಗೂ ವೈನ್ ಶಾಪಿಗೂ ನಡೆದುಹೋಗುವಷ್ಟೇ ದೂರ. ಎರಡಕ್ಕೂ ಹೋಗುವವರು ಒಬ್ಬರೇ ಆಗಿರೋದು ಅಪರೂಪವೇನಲ್ಲ. ನನ್ನ ಪರಿಚಯದವರಲ್ಲೇ ಅಂಥವರು ಇದ್ದಾರೆ. ಒಬ್ಬ ಗೆಳೆಯ ಒಮ್ಮೆ ತೀರಾ ಸಹಜವಾಗಿ ಅಂದ: “ಶನಿವಾರ ಮಾತ್ರೆ ತಗೊಳಲ್ಲ ಮಾರಾಯ. ಮಾತ್ರೆ ಮೇಲೆ ಕುಡೀಬಾರ್ದು ಅಂತ ಡಾಕ್ಟ್ರೇ ಹೇಳಿದ್ದಾರಲ್ಲ.”

ಈ ಮಾತನ್ನು ಇನ್ನೊಂದ್ಸಲ ಓದಿ. ವೈದ್ಯರ ಮಾತನ್ನು ಮೀರಿದ್ದೀನಿ ಅನ್ನೋ ಭಾವನೆ ಅವನಿಗಿಲ್ಲ. ಪಾಲಿಸ್ತಿದ್ದೀನಿ ಅಂತಲೇ ಅಂದುಕೊಂಡಿದ್ದಾನೆ. ಮಾತ್ರೆ ಮತ್ತು ಎಣ್ಣೆ ಒಟ್ಟಿಗೆ ಬೇಡ ಅಂದರು. ಅವನು ಮಾತ್ರೆ ಬಿಟ್ಟ.

ನನ್ನ ವಾದ ಇಷ್ಟೇ. ‘ಮಾತ್ರೆ ತಗೊಳ್ಳೋವಾಗ ಕುಡೀಬೇಡಿ’ ಅನ್ನೋದು ಸರಿಯಾದ ಮಾತು, ಆದರೆ ಅರ್ಧ ಮಾತು. ಉಳಿದರ್ಧವನ್ನು ಹೇಳದೆ ಬಿಟ್ಟರೆ ಜನ ಅದನ್ನು ತಮಗೆ ತೋಚಿದ ಹಾಗೆ ತುಂಬಿಕೊಳ್ತಾರೆ, ಕೆಲವೊಮ್ಮೆ ಜೀವ ಹೋಗುವ ಹಾಗೆ. ಆ ಉಳಿದರ್ಧ ಮಾತನ್ನು ನಮ್ಮ ಭಾಷೆಯಲ್ಲಿ, ಬೈಯದೆ ಹೇಳಿಸಿಕೊಳ್ಳೋದು ರೋಗಿಯ ಹಕ್ಕು. ಅದು ಕಾನೂನಿನಲ್ಲೇ ಇದೆ.

ಎಲ್ಲ ಮಾತ್ರೆಯೂ ಒಂದೇ ಅಲ್ಲ

‘ತಲೆ ಮಾತ್ರೆ’, ‘ಟೆನ್ಷನ್ ಮಾತ್ರೆ’ ಅಂತ ನಾವು ಒಂದೇ ಹೆಸರಲ್ಲಿ ಕರೆಯುವ ಔಷಧಿಗಳು ಬೇರೆ ಬೇರೆ ಗುಂಪಿನವು. ಮದ್ಯದ ಜೊತೆ ಅವು ನಡೆದುಕೊಳ್ಳುವ ರೀತಿಯೂ ಬೇರೆ.

ಎಲ್ಲಕ್ಕಿಂತ ಬೇಗ ಜೀವಕ್ಕೆ ಅಪಾಯ ತರೋದು ಅಲ್‌ಪ್ರಾಜೊಲಾಮ್, ಕ್ಲೋನಾಜೆಪಾಮ್, ಡಯಾಜೆಪಾಮ್, ಲೊರಾಜೆಪಾಮ್ ಗುಂಪು. ಆತಂಕ ಇಳಿಸಲು, ನಿದ್ದೆ ಬರಿಸಲು ಕೊಡುವ ಇವು ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತವೆ. ಮದ್ಯ ಮಾಡೋದೂ ಅದನ್ನೇ, ಹೆಚ್ಚುಕಡಿಮೆ ಅದೇ ದಾರಿಯಲ್ಲಿ. ಎರಡೂ ಕೂಡಿದಾಗ ಉಸಿರಾಟ ನಿಧಾನವಾಗುತ್ತೆ, ಎಚ್ಚರ ತಪ್ಪುತ್ತೆ, ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಇಲ್ಲಿ ಇನ್ನೊಂದು ಗುಟ್ಟಿದೆ. ನಮ್ಮಲ್ಲಿ ಖಿನ್ನತೆಯ ಔಷಧಿ ಎಸ್ಸಿಟಾಲೊಪ್ರಾಮ್ ಜೊತೆ ಕ್ಲೋನಾಜೆಪಾಮ್ ಬೆರೆಸಿದ ಒಂದೇ ಮಾತ್ರೆ ಸಿಗುತ್ತೆ. ‘ನಂದು ಬರೀ ಡಿಪ್ರೆಷನ್ ಮಾತ್ರೆ, ನಿದ್ದೆ ಮಾತ್ರೆ ಅಲ್ಲ’ ಅಂದುಕೊಂಡು ನೈಂಟಿ ಹಾಕುವವನ ಜೇಬಿನಲ್ಲಿರೋದು ಎರಡೂ ಆಗಿರಬಹುದು. ಸ್ಟ್ರಿಪ್ಪಿನ ಮೇಲೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ, ಅಷ್ಟೆ.

ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಕಥೆ ಬೇರೆ. ಮದ್ಯ ಮೈಯ ನೀರನ್ನು ಹೊರಗೆ ಹಾಕುತ್ತೆ. ಜೊತೆಗೆ ವಾಂತಿಯಾದರೆ ಇನ್ನಷ್ಟು ನೀರು ಹೋಗುತ್ತೆ. ಆಗ ರಕ್ತದಲ್ಲಿ ಲಿಥಿಯಂ ಮಟ್ಟ ಏರಿ ವಿಷವಾಗಬಹುದು. ಅದರ ಲಕ್ಷಣಗಳು ಕೈ ನಡುಕ, ತೊದಲು ಮಾತು, ತೂರಾಡುವ ನಡಿಗೆ. ನೋಡಿದವರು ಏನಂತಾರೆ? ‘ಕುಡಿದಿದ್ದಾನೆ, ಬಿಡು.’ ಆಸ್ಪತ್ರೆಗೆ ಹೋಗಬೇಕಾದವನು ಜಗಲಿ ಮೇಲೆ ಬಿದ್ದಿರುತ್ತಾನೆ.

ಓಲಾಂಜಪಿನ್, ಕ್ವೆಟಿಯಾಪಿನ್‌ನಂಥ ಔಷಧಿಗಳ ಜೊತೆ ಕುಡಿದರೆ ಮಂಪರು ಹೆಚ್ಚುತ್ತೆ, ಎದ್ದು ನಿಂತಾಗ ಬಿಪಿ ಕುಸಿದು ಬೀಳಬಹುದು. ಕ್ಲೋಜಪಿನ್ ತಗೊಳ್ಳುವವರಿಗೆ ಮೂರ್ಛೆ ಬರುವ ಅಪಾಯವೂ ಇದೆ. ಸೋಡಿಯಂ ವಾಲ್‌ಪ್ರೊಯೇಟ್ ಮತ್ತು ಮದ್ಯ ಎರಡಕ್ಕೂ ಲಿವರ್ ಲೆಕ್ಕ ಕೊಡಬೇಕು. ಅಮಿಟ್ರಿಪ್ಟಿಲಿನ್‌ನಂಥ ಹಳೇ ಖಿನ್ನತೆ ಮಾತ್ರೆಗಳು ಹೃದಯದ ಬಡಿತಕ್ಕೂ ಕೈ ಹಾಕುತ್ತವೆ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲೂಆಕ್ಸೆಟಿನ್ ಗುಂಪು ಇವುಗಳಿಗೆ ಹೋಲಿಸಿದರೆ ಕಡಿಮೆ ಅಪಾಯದ್ದು. ಆದರೆ ಅಲ್ಲೂ ಮದ್ಯ ಮಾಡೋದು ಮಾತ್ರೆಯ ಕೆಲಸಕ್ಕೆ ಅಡ್ಡಗಾಲು: ರಾತ್ರಿ ಹಗುರ ಅನ್ನಿಸಿದ್ದು ಬೆಳಗ್ಗೆ ಎರಡರಷ್ಟು ಭಾರವಾಗಿ ವಾಪಸ್ ಬರುತ್ತೆ.

‘ಇವತ್ತೊಂದಿನ ಮಾತ್ರೆ ಬೇಡ’

ಇನ್ನು ಗೆಳೆಯನ ಶನಿವಾರದ ಲೆಕ್ಕಕ್ಕೆ ಬರೋಣ. ಒಂದು ದಿನ ಮಾತ್ರೆ ಬಿಟ್ಟರೆ ಅದು ಮೈಯಿಂದ ಹೊರಗೆ ಹೋಗಿಬಿಡುತ್ತಾ? ಇಲ್ಲ. ಡಯಾಜೆಪಾಮ್ ದಿನಗಟ್ಟಲೆ ಉಳಿಯುತ್ತೆ, ಫ್ಲೂಆಕ್ಸೆಟಿನ್ ವಾರಗಟ್ಟಲೆ. ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಚುಚ್ಚುವ ಇಂಜೆಕ್ಷನ್ ಆದರಂತೂ ಬಿಡುವ ಪ್ರಶ್ನೆಯೇ ಇಲ್ಲ. ಅಂದರೆ ಶನಿವಾರ ಮಾತ್ರೆ ಬಿಟ್ಟು ಕುಡಿದವನು ಬಹುಪಾಲು ಮಾತ್ರೆಯ ಮೇಲೇ ಕುಡಿದಿರುತ್ತಾನೆ. ಸುರಕ್ಷತೆ ಸಿಗಲಿಲ್ಲ, ಚಿಕಿತ್ಸೆಯೂ ಕೈತಪ್ಪಿತು.

ಶನಿವಾರ ಅನ್ನೋದು ಶನಿವಾರ-ಭಾನುವಾರ ಆಗುತ್ತೆ. ಮದುವೆ, ಜಾತ್ರೆ, ಚುನಾವಣೆ ಬಂದರೆ ವಾರ. ಬೈಪೋಲಾರ್ ಇರಲಿ, ಸ್ಕಿಜೋಫ್ರೇನಿಯಾ ಇರಲಿ, ಮಾತ್ರೆ ತಪ್ಪೋದೇ ಕಾಯಿಲೆ ಮರಳಿ ಬರಲು ದೊಡ್ಡ ಕಾರಣ. ಇದನ್ನು ಮನೆಯವರೂ ಮಾಡ್ತಾರೆ, ಒಳ್ಳೆ ಉದ್ದೇಶದಿಂದಲೇ: ‘ಇವತ್ತು ಕುಡ್ಕಂಡು ಬಂದಿದ್ದಾನೆ, ಮಾತ್ರೆ ಕೊಡಬೇಡ ಕಣೇ.’ ನಿದ್ದೆ ಮಾತ್ರೆಯಾದರೆ ಆ ರಾತ್ರಿಗೆ ಅದು ಸರಿಯಾದ ನಿರ್ಧಾರವೇ. ಎಲ್ಲ ಮಾತ್ರೆಗೂ ಅದೇ ನಿಯಮ ಹಚ್ಚಿದರೆ ದಿನಾ ಕುಡಿಯುವವನಿಗೆ ಔಷಧಿಯೇ ಸಿಗಲ್ಲ. ಯಾವುದನ್ನು ತಡೆಹಿಡಿಯಬೇಕು, ಯಾವುದನ್ನು ಯಾವ ಕಾರಣಕ್ಕೂ ಬಿಡಬಾರದು ಅಂತ ಮನೆಯವರಿಗೆ ಯಾರಾದರೂ ಚೀಟಿಯಲ್ಲಿ ಬರೆದುಕೊಟ್ಟಿದ್ದಾರಾ?

ಇದರ ತದ್ವಿರುದ್ಧ ತಪ್ಪೂ ನಡೆಯುತ್ತೆ. ವರ್ಷಗಟ್ಟಲೆ ದಿನಾ ಕುಡಿದವರು ಹಠಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸೋದು. ನಿಲ್ಲಿಸಿದ ಎರಡು-ಮೂರು ದಿನದಲ್ಲಿ ಕೆಲವರಿಗೆ ನಡುಕ, ಮೂರ್ಛೆ, ಇಲ್ಲದ್ದು ಕಾಣುವ ಸನ್ನಿ ಬರುತ್ತೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. 2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ಏಕಾಏಕಿ ಮುಚ್ಚಿದಾಗ ಇದು ದೇಶಕ್ಕೇ ಕಾಣಿಸಿತು. ಪಕ್ಕದ ಕೇರಳ ಸರ್ಕಾರ ವೈದ್ಯರ ಚೀಟಿ ಮೇಲೆ ಮದ್ಯ ಕೊಡುವ ಆದೇಶ ಹೊರಡಿಸಿತು. ಏಪ್ರಿಲ್ 2ರಂದು ಅಲ್ಲಿನ ಹೈಕೋರ್ಟ್ ತಡೆ ಕೊಟ್ಟಿತು. ನಮ್ಮಲ್ಲಿ ಮೇ 4ರಂದು ಅಂಗಡಿ ತೆರೆದಾಗ ಟಿವಿಗಳು ಕ್ಯೂ ತೋರಿಸಿ ನಕ್ಕವು. ಆ ಕ್ಯೂನಲ್ಲಿ ಎಷ್ಟು ಜನ ರೋಗಿಗಳಿದ್ದರು ಅನ್ನೋ ಪ್ರಶ್ನೆ ಚರ್ಚೆಗೇ ಬರಲಿಲ್ಲ.

ಕುಡಿತ ಬಿಡಿಸುವಾಗ ಬರುವ ಈ ತೊಂದರೆಗೆ ವೈದ್ಯರು ಕೊಡೋದು ಡಯಾಜೆಪಾಮ್, ಲೊರಾಜೆಪಾಮ್ ಗುಂಪಿನ ಮಾತ್ರೆಗಳನ್ನೇ, ದಿನದಿನಕ್ಕೆ ಕಡಿಮೆ ಮಾಡುತ್ತಾ. ಅದೇ ಮಾತ್ರೆ ಮನೆಗೆ ಬಂದು, ಮೂರನೇ ದಿನ ಕುಡಿತ ಮತ್ತೆ ಶುರುವಾದರೆ ಮೇಲೆ ಹೇಳಿದ ಅಪಾಯ ಎದುರಿಗೆ ನಿಂತಿರುತ್ತೆ. ಒಂದೇ ಔಷಧಿ ಒಂದು ವಾರ ಜೀವ ಉಳಿಸುತ್ತೆ, ಮುಂದಿನ ವಾರ ತೆಗೆಯಬಹುದು. ಇಷ್ಟು ಸೂಕ್ಷ್ಮವಾದದ್ದನ್ನು ‘ಕುಡೀಬೇಡಿ’ ಅನ್ನೋ ಒಂದು ಪದದಲ್ಲಿ ಹೇಳಿ ಮುಗಿಸಲಾಗಲ್ಲ.

ಸಾರಿನಲ್ಲಿ ಬೆರೆಸಿದ ಔಷಧಿ

‘ಕುಡಿಯುವವರಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸಿ’ ಎಂಬ ಜಾಹೀರಾತನ್ನು ನೀವು ಬಸ್ ಸ್ಟ್ಯಾಂಡ್ ಗೋಡೆ ಮೇಲೆ, ಪೇಪರಿನ ಮೂಲೆಯಲ್ಲಿ ನೋಡಿರುತ್ತೀರಿ. ಅಂಥ ಪುಡಿಯಲ್ಲಿ ಏನಿರುತ್ತೋ ಕೊಂಡವರಿಗೆ ತಿಳಿಯೋದಿಲ್ಲ. ಆದರೆ ಡೈಸಲ್ಫಿರಾಮ್ ಎಂಬ ನಿಜವಾದ ಔಷಧಿಯನ್ನೂ ಹೀಗೆ ಅನ್ನ-ಸಾರಿನಲ್ಲಿ ಕದ್ದು ಕೊಡುವ ರೂಢಿ ನಮ್ಮ ದೇಶದಲ್ಲಿದೆ.

ಡೈಸಲ್ಫಿರಾಮ್ ಕೆಲಸ ಮಾಡೋದು ಹೀಗೆ: ಮದ್ಯ ಮೈಯಲ್ಲಿ ಕರಗುವಾಗ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತು ಹುಟ್ಟುತ್ತೆ. ಅದು ಮುಂದೆ ಕರಗದ ಹಾಗೆ ಈ ಔಷಧಿ ತಡೆಯುತ್ತೆ. ಆಗ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತೆ. ಹೃದಯದ ತೊಂದರೆ ಇದ್ದವರಿಗೆ ಪ್ರಾಣಾಪಾಯ. ಕೆಲವರಿಗೆ ಮನೋವಿಕಾರವನ್ನೂ ಕೆರಳಿಸಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಪರಿಣಾಮ ಉಳಿಯಬಹುದು. ಹಾಗಾಗಿಯೇ ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿ ಮಾತ್ರ ಕೊಡಬೇಕಾದ ಔಷಧಿ ಇದು. ತಾನಾಗಿ ಒಪ್ಪಿ ತಗೊಂಡವನಿಗೆ ‘ಕುಡಿದರೆ ಆಗಲ್ಲ’ ಎಂಬ ಭಯವೇ ಬೇಲಿ. ಗೊತ್ತೇ ಇಲ್ಲದವನಿಗೆ ಬೇಲಿ ಎಲ್ಲಿಂದ ಬರಬೇಕು?

ಹೀಗೆ ಬೆರೆಸುವ ಅಮ್ಮನನ್ನೋ ಹೆಂಡತಿಯನ್ನೋ ಬೈಯೋದು ಸುಲಭ. ಹೊಡೆತ ತಿಂದು, ಸಂಬಳ ಕಾಣದೆ, ಹೋದಲ್ಲೆಲ್ಲ ‘ಅವನನ್ನ ಕರ್ಕೊಂಡು ಬನ್ನಿ’ ಅಂತ ಕೇಳಿಸಿಕೊಂಡವರು ಅವರು. ಅವನು ಬರಲ್ಲ, ಅವರಿಗೆ ಬೇರೆ ದಾರಿ ತೋರಿಸಿದವರಿಲ್ಲ. ಕೊನೆಗೆ ಅವರಲ್ಲೇ ಎಷ್ಟೋ ಜನ ನಿದ್ದೆ ಮಾತ್ರೆ ನುಂಗಿ ಮಲಗುವವರು. ತಾವೇ ಕುಡಿಯುವ ಹೆಣ್ಣುಮಕ್ಕಳಿಗಂತೂ ಇದು ಇಮ್ಮಡಿ ಗುಟ್ಟು. ‘ನೀವು ಡ್ರಿಂಕ್ಸ್ ತಗೊಳ್ತೀರಾ?’ ಅಂತ ಅವರನ್ನು ಕೇಳುವ ಧೈರ್ಯ ವೈದ್ಯರಿಗಿಲ್ಲ, ಹೇಳುವ ಧೈರ್ಯ ಇವರಿಗಿಲ್ಲ.

ಕಾನೂನು ಒಪ್ಪಿದ್ದು, ವ್ಯವಸ್ಥೆ ಮರೆತದ್ದು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಅದು ಮಾನಸಿಕ ಕಾಯಿಲೆಯ ವ್ಯಾಖ್ಯಾನದೊಳಗೆ ತಂದಿದೆ. ಅಂದರೆ ಕುಡಿತದ ರೋಗಿ ‘ಕೆಟ್ಟವನು’ ಅಲ್ಲ, ಹಕ್ಕುಳ್ಳ ರೋಗಿ. 18ನೇ ಕಲಮಿನ ಪ್ರಕಾರ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಅಗತ್ಯ ಪಟ್ಟಿಯ ಮನೋವೈದ್ಯಕೀಯ ಔಷಧಿಗಳು ಉಚಿತವಾಗಿ, ಎಲ್ಲ ಕಾಲಕ್ಕೂ ಸಿಗಬೇಕು. 22ನೇ ಕಲಮು ಇನ್ನೂ ಮುಖ್ಯ. ಕಾಯಿಲೆ ಏನು, ಚಿಕಿತ್ಸೆ ಏನು, ಔಷಧಿಯ ಗೊತ್ತಿರುವ ಅಡ್ಡಪರಿಣಾಮಗಳೇನು ಅನ್ನೋದನ್ನು ರೋಗಿಗೆ ಅರ್ಥವಾಗುವ ಭಾಷೆ ಮತ್ತು ರೂಪದಲ್ಲಿ ತಿಳಿಸಬೇಕು ಅಂತ ಅದು ಹೇಳುತ್ತೆ.

ಆಲ್ಕೊಳದಲ್ಲಿ ಕೂತು ಆ ಕಲಮನ್ನು ಓದಿದರೆ ನಗು ಬರುತ್ತೆ. ಸ್ಟ್ರಿಪ್ ಇಂಗ್ಲಿಷಿನಲ್ಲಿ, ಚೀಟಿ ಯಾವ ಭಾಷೆ ಅನ್ನೋದೇ ಗೊತ್ತಾಗಲ್ಲ, ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಸಿಗೋದು ಕೆಲವೇ ನಿಮಿಷ. ವೈದ್ಯರೊಬ್ಬರ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನದ ತೊಂದರೆ ಇರುವವರಲ್ಲಿ 86.3% ಜನಕ್ಕೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಬೈಪೋಲಾರ್ ಇರುವವರಲ್ಲಿ ಈ ಕೊರತೆ 70.4%. ಎರಡೂ ಇದ್ದವರ ಗತಿ ಊಹಿಸಿ. ಮನೋವೈದ್ಯರ ಬಳಿ ಹೋದರೆ ‘ಮೊದಲು ಕುಡಿತ ಬಿಟ್ಟು ಬಾ’, ವ್ಯಸನಮುಕ್ತಿ ಕೇಂದ್ರಕ್ಕೆ ಹೋದರೆ ‘ಮೊದಲು ತಲೆ ಸರಿಮಾಡಿಸ್ಕೊಂಡು ಬಾ’. ಎರಡು ಬಾಗಿಲ ನಡುವೆ ನಿಂತವನು ಮೂರನೇ ಬಾಗಿಲಿಗೆ ಹೋಗ್ತಾನೆ. ಅದು ಬೆಳಗ್ಗೆ ತೆರೆದರೆ ರಾತ್ರಿವರೆಗೂ ಮುಚ್ಚಲ್ಲ.

ಬೇಸರದ ಸಂಗತಿ ಅಂದರೆ ಈ ಕೆಲಸದ ದಾರಿ ನಮ್ಮ ರಾಜ್ಯಕ್ಕೆ ಹೊಸದಲ್ಲ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ. ಶಿವಮೊಗ್ಗದಲ್ಲಂತೂ ಡಾ. ಅಶೋಕ್ ಪೈ ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲಿ ಬರೆದರು, ಮಾತಾಡಿದರು. ಅವರ ಕಥೆ ಇಟ್ಟುಕೊಂಡು ಸುರೇಶ್ ಹೆಬ್ಳೀಕರ್ 1988ರಲ್ಲಿ ‘ಕಾಡಿನ ಬೆಂಕಿ’ ಸಿನಿಮಾ ಮಾಡಿದರು. 2016ರಲ್ಲಿ ಪೈ ತೀರಿಕೊಂಡರು. ಕಷ್ಟದ ವಿಷಯವನ್ನು ಸಾಮಾನ್ಯರಿಗೆ ಕನ್ನಡದಲ್ಲಿ ಹೇಳಬಹುದು ಅಂತ ತೋರಿಸಿದ ಊರಿನಲ್ಲೇ ಇವತ್ತು ಮಾತ್ರೆ ಕವರಿನ ಮೇಲೆ ಎರಡು ಸಾಲು ಕನ್ನಡ ಇಲ್ಲ.

ನಿಷೇಧ ಮತ್ತು ಆದಾಯದ ನಡುವೆ ಕಾಣೆಯಾದವರು

ಮದ್ಯದ ಬಗ್ಗೆ ನಮ್ಮ ರಾಜಕೀಯ ಎರಡೇ ಮಾತಾಡುತ್ತೆ: ನಿಷೇಧ ಮಾಡಿ, ಇಲ್ಲವೇ ಆದಾಯ ಎಲ್ಲಿಂದ ತರೋದು. ಇದೇ ಜಿಲ್ಲೆಯ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಹಣಕಾಸು ಖಾತೆ ಹೊಂದಿದ್ದಾಗ, 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಅಗ್ಗದ ಬ್ರಾಂದಿ-ವಿಸ್ಕಿಗೆ ಜನ ದಾಟಿಕೊಂಡರು, ಬೊಕ್ಕಸವೂ ಆ ಕಡೆಗೆ ದಾಟಿತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಅವರ ಸಿಟ್ಟಿಗೆ ಪೂರ್ತಿ ಅರ್ಥವಿದೆ. ಸರ್ಕಾರ ಅವರಿಗೆ ಕೊಡಬಹುದಾಗಿದ್ದ ಕನಿಷ್ಠ ಉತ್ತರ ಚಿಕಿತ್ಸೆ. ಅದರ ಬಗ್ಗೆಯೂ ಯಾವ ಪಕ್ಷ ಗಟ್ಟಿಯಾಗಿ ಮಾತಾಡಿತು?

ಬಾಟಲಿಯ ಮೇಲೆ ಎಚ್ಚರಿಕೆ ಇದೆ, ನಿಜ. 2019ರ ಏಪ್ರಿಲ್‌ನಿಂದ ಜಾರಿಯಾದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಮದ್ಯಪಾನ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಅಂತ ಇಂಗ್ಲಿಷಿನಲ್ಲಿ ಇರಲೇಬೇಕು. ರಾಜ್ಯ ಬಯಸಿದರೆ ತನ್ನ ಭಾಷೆಯಲ್ಲೂ ಹಾಕಿಸಬಹುದು. ಮಾತ್ರೆ ತಗೊಳ್ಳುವವರಿಗೆ ಅದರಲ್ಲಿ ಒಂದು ಪದವಿಲ್ಲ.

ಹಾಗಾದರೆ ಕೇಳಬೇಕಾದ್ದೇನು? ಇವು ಕೋಟಿಗಟ್ಟಲೆ ಖರ್ಚಿನ ಬೇಡಿಕೆಗಳಲ್ಲ. ಸರ್ಕಾರಿ ಔಷಧಾಲಯದಲ್ಲಿ ಮನೋವೈದ್ಯಕೀಯ ಮಾತ್ರೆಯ ಜೊತೆ ಕನ್ನಡದ ಒಂದು ಹಾಳೆ ಕೊಡಲಿ: ಇದು ಯಾವ ಗುಂಪಿನ ಮಾತ್ರೆ, ಕುಡಿದ ದಿನ ಇದನ್ನು ಏನು ಮಾಡಬೇಕು, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು. ಕುಡಿತದ ಪ್ರಶ್ನೆಯನ್ನು ಪ್ರತಿಯೊಬ್ಬ ರೋಗಿಗೂ, ಗಂಡು-ಹೆಣ್ಣು ಭೇದವಿಲ್ಲದೆ ಕೇಳೋದು ಕಡ್ಡಾಯವಾಗಲಿ; ಉತ್ತರ ‘ಹೌದು’ ಅಂತ ಬಂದರೆ ವಾಪಸ್ ಕಳಿಸೋದು ನಿಲ್ಲಲಿ. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಕುಡಿತ ಮತ್ತು ಕಾಯಿಲೆ ಎರಡನ್ನೂ ಒಂದೇ ಮೇಜಿನ ಮುಂದೆ ನೋಡಲಿ. ಊರೂರಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿ ಮೊದಲ ದಿನವೇ ‘ಯಾವ ಮಾತ್ರೆ ತಗೊಳ್ತಿದ್ದೀರಿ’ ಅಂತ ವೈದ್ಯರು ವಿಚಾರಿಸಲಿ. ಅಲ್‌ಪ್ರಾಜೊಲಾಮ್, ಡಯಾಜೆಪಾಮ್ ಮಾರಿದ್ದನ್ನು ಮೆಡಿಕಲ್ ಶಾಪುಗಳು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯಬೇಕೆಂಬ ನಿಯಮ 2014ರಿಂದ ಇದೆ. ಅದನ್ನು ಔಷಧ ನಿಯಂತ್ರಣದವರು ತೆರೆದು ನೋಡಲಿ.

ಇದಕ್ಕೆಲ್ಲ ದುಡ್ಡು ಎಲ್ಲಿ ಅಂತ ಕೇಳುವ ಹಣಕಾಸು ಇಲಾಖೆಗೆ ₹40,000 ಕೋಟಿಯ ಸಾಲನ್ನು ತೋರಿಸಬಹುದು.

ಅಲ್ಲಿಯವರೆಗೆ ಮಾತ್ರೆ ತಗೊಳ್ಳುತ್ತಾ ಕುಡಿಯುತ್ತಿರುವವರು ಇದನ್ನು ಓದುತ್ತಿದ್ದರೆ, ಗೆಳೆಯರ ಹಾಗೆ ಎರಡು ಮಾತು. ಡಾಕ್ಟರ ಹತ್ತಿರ ಸುಳ್ಳು ಹೇಳಬೇಡಿ. ಎಷ್ಟು, ಯಾವಾಗ ಅಂತ ನಿಜ ಹೇಳಿದರೆ ಅವರು ಅದಕ್ಕೆ ಹೊಂದುವ ಔಷಧಿ ಆರಿಸಬಹುದು. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ದಿನಾ ಕುಡಿಯುವವರಾದರೆ ಕುಡಿತವನ್ನೂ ವೈದ್ಯರ ನೆರವಿಲ್ಲದೆ ಒಮ್ಮೆಲೇ ನಿಲ್ಲಿಸಬೇಡಿ. ಹೇಳಿಕೊಳ್ಳಲು ಯಾರೂ ಇಲ್ಲ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ರೂಮ್‌ಮೇಟ್ ಮಾತ್ರೆ ಮತ್ತು ಎಣ್ಣೆ ಎರಡೂ ತಗೊಂಡು ಮಲಗಿದ್ದು, ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ ‘ಬೆಳಗ್ಗೆ ಸರಿಹೋಗ್ತಾನೆ’ ಅಂತ ಬಿಡಬೇಡಿ. ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಮಾತ್ರೆಯ ಸ್ಟ್ರಿಪ್ ಜೊತೆಗೇ ಒಯ್ಯಿರಿ.

ಮುಂದಿನ ಬಜೆಟ್ ದಿನ ಅಬಕಾರಿ ಗುರಿ ಎಷ್ಟು ಅಂತ ಎಲ್ಲ ಚಾನೆಲ್‌ಗಳೂ ಹೇಳುತ್ತವೆ. ಅದೇ ದಿನ ನಿಮ್ಮ ಶಾಸಕರಿಗೆ ಇನ್ನೊಂದು ಲೆಕ್ಕ ಕೇಳಿ: ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಎಷ್ಟು ಜನ, ಅವರು ಒಬ್ಬ ರೋಗಿಗೆ ಕೊಡಬಹುದಾದ ನಿಮಿಷಗಳೆಷ್ಟು?